ಕುದುರೆ ಶಾಲೆಯ ಲೈಸೆನ್ಸು: ಬೇಲಿಯ ಈಚೆ ನಿಂತು ಕಂಡಷ್ಟು

ಮಗಳು, ಅಳಿಯ ಇರುವುದು ಇಂಗ್ಲೆಂಡಿನ ಹೆರೆಫರ್ಡ್‌ಶೈರ್ ಸೀಮೆಯ ಒಂದು ಹಳ್ಳಿಯಲ್ಲಿ. ಅಲ್ಲಿಗೆ ಹೋದಾಗಲೆಲ್ಲ ಅವರಿಬ್ಬರೂ ಕೆಲಸಕ್ಕೆ, ಮೊಮ್ಮಗಳು ಸ್ಕೂಲಿಗೆ ಹೊರಟ ಮೇಲೆ ನನ್ನ ಪಾಲಿಗೆ ಉಳಿಯುವುದು ಹಿತ್ತಿಲು, ಹಿತ್ತಿಲಿನ ಬೇಲಿ. ಬೇಲಿಯಾಚೆ ಹುಲ್ಲುಗಾವಲು, ಅದರ ತುಂಬ ಕುದುರೆ, ಪೋನಿ. ಪಶುಪಾಲನಾ ಇಲಾಖೆಯಲ್ಲಿ ಸರ್ವೀಸು ಪೂರ್ತಿ ದನ, ಎಮ್ಮೆ, ಕುರಿಗಳ ಜೊತೆ ಕಳೆದವನು ನಾನು. ಮೈಸೂರಿನಲ್ಲಿದ್ದಾಗ ಜಟಕಾ ಕುದುರೆಗಳಿಗೂ ಮದ್ದು ಮಾಡಿದ್ದೇನೆ. ನನಗೆ ಆ ಬೇಲಿಯ ಹತ್ತಿರ ಬೇಜಾರು ಎಂಬುದೇ ಇರಲಿಲ್ಲ.

ಆಚೆ ಮನೆಯಾಕೆಗೆ ನಾನು ವೆಟರ್ನರಿ ಡಾಕ್ಟರು ಎಂಬುದು ಮಗಳಿಂದ ಗೊತ್ತಾಗಿತ್ತು. ಒಂದು ಬೆಳಿಗ್ಗೆ ಕೈಯಲ್ಲಿ ಕಾಗದದ ಕಟ್ಟು ಹಿಡಿದುಕೊಂಡು ಬೇಲಿಗೆ ಬಂದರು. ಸವಾರಿ ಕಲಿಸುವ ಶಾಲೆ ತೆರೆಯಲು ಲೈಸೆನ್ಸಿನ ಅರ್ಜಿ. "ಇಷ್ಟು ವರ್ಷ ಇವನ್ನೆಲ್ಲ ಸ್ವಂತಕ್ಕೆ ಸಾಕಿಕೊಂಡಿದ್ದೆ ಡಾಕ್ಟ್ರೇ, ಯಾರೂ ಲೈಸೆನ್ಸ್ ಕೇಳಲಿಲ್ಲ. ಈಗ ಮಕ್ಕಳ ಹತ್ತಿರ ದುಡ್ಡು ತಗೊಂಡು ಹತ್ತಿಸ್ತೀನಿ ಅಂದಿದ್ದಕ್ಕೆ ನೋಡಿ, ಇಷ್ಟೆಲ್ಲ ಬರೀಬೇಕು" ಎಂದರು. ಆಕೆ ಚಿಕ್ಕಂದಿನಲ್ಲಿ ಪೋನಿ ಕ್ಲಬ್ಬಿನಲ್ಲಿ ಸವಾರಿ ಕಲಿತವರು. 1929ರಲ್ಲಿ ಶುರುವಾದ ಆ ಕ್ಲಬ್ಬಿನಲ್ಲಿ ಕಲಿತವರಿಗೆ ಕುದುರೆಯ ಮೈ ಉಜ್ಜುವುದು, ಲದ್ದಿ ಬಾಚುವುದು, ಗೊರಸು ಕೆರೆದು ಶುಚಿ ಮಾಡುವುದು ಎಲ್ಲ ಅಭ್ಯಾಸ. ಆದರೂ ಅರ್ಜಿ ನೋಡಿ ಬೆವೆತಿದ್ದರು.

ಆ ಕಾಗದಗಳನ್ನು ನಾನೂ ಕೂತು ಓದಿದೆ. ಓದಿದ ಮೇಲೆ ಆ ಕಾನೂನಿನ ಮೇಲೆ ನನಗೆ ಹುಟ್ಟಿದ ಗೌರವ ಇವತ್ತಿಗೂ ಹಾಗೇ ಇದೆ. ಅದನ್ನು ಹೇಳಿಕೊಳ್ಳಬೇಕು ಅಂತಲೇ ಈ ಹರಟೆ.

ಇಂಗ್ಲೆಂಡಿನಲ್ಲಿ ಇದು ಇವತ್ತಿನ ಕಥೆಯಲ್ಲ. ಸವಾರಿಗೆ ಕುದುರೆ ಬಾಡಿಗೆ ಕೊಡುವ ಜಾಗಗಳ ಬಗ್ಗೆ 1939ರಲ್ಲೇ ಒಂದು ಕಾನೂನು ಮಾಡಿದ್ದರು. ಅದು ಸಾಲದೆ 1964ರಲ್ಲಿ ಲೈಸೆನ್ಸು ಕಡ್ಡಾಯವಾಯಿತು, 1970ರಲ್ಲಿ ಅದಕ್ಕೆ ತಿದ್ದುಪಡಿ ಬಂತು. 2018ರ ಅಕ್ಟೋಬರ್ 1ರಿಂದ ಹೊಸ ನಿಯಮಾವಳಿ ಜಾರಿಗೆ ಬಂದು ಹಳೆಯವೆಲ್ಲ ಅದರೊಳಗೆ ಸೇರಿಹೋದವು. ನಾಯಿಮರಿ ತಳಿ ಮಾಡುವವರು, ಸಾಕುಪ್ರಾಣಿ ಮಾರುವವರು, ನಾಯಿ ಬೆಕ್ಕುಗಳನ್ನು ನಾಲ್ಕು ದಿನ ಇಟ್ಟುಕೊಳ್ಳುವವರು, ಪ್ರಾಣಿಗಳನ್ನು ಪ್ರದರ್ಶನಕ್ಕೆ ಪಳಗಿಸುವವರು, ಕುದುರೆ ಬಾಡಿಗೆ ಕೊಡುವವರು, ಎಲ್ಲರಿಗೂ ಒಂದೇ ನಿಯಮಾವಳಿ. ಲೈಸೆನ್ಸು ಕೊಡುವುದು ಸ್ಥಳೀಯ ಕೌನ್ಸಿಲ್, ನಮ್ಮ ಪುರಸಭೆಯಂಥದು. ಲೈಸೆನ್ಸಿಲ್ಲದೆ ನಡೆಸಿದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಸೇನೆ, ಪೊಲೀಸು ಇವುಗಳ ಕುದುರೆಗೆ, ವೆಟರ್ನರಿ ವಿದ್ಯಾರ್ಥಿಗಳ ಕಲಿಕೆಗೆ ಇಟ್ಟ ಕುದುರೆಗೆ ಮಾತ್ರ ವಿನಾಯ್ತಿ. ಈ ನಿಯಮಾವಳಿ ಇಂಗ್ಲೆಂಡಿಗಷ್ಟೇ ಅನ್ವಯ. ಆ ಹಳ್ಳಿಯಿಂದ ಸ್ವಲ್ಪ ದೂರ ಹೋದರೆ ಸಿಗುವ ವೇಲ್ಸ್ ಇದರ ಹೊರಗೆ.

ಷರತ್ತುಗಳಿಗೆ ಬರೋಣ. ಮೂರು ವರ್ಷ ತುಂಬದ ಕುದುರೆಯ ಮೇಲೆ ಬಾಡಿಗೆಗೆ ಯಾರನ್ನೂ ಹತ್ತಿಸುವಂತಿಲ್ಲ. ದಿನ ತುಂಬಿದ ಗಬ್ಬದ ಕುದುರೆಯನ್ನು ಕೊಡುವಂತಿಲ್ಲ, ಮರಿ ಹಾಕಿದ ಮೇಲೂ ಆ ಮರಿ ತಾಯಿಹಾಲು ಬಿಡುವ ತನಕ ಕೊಡುವಂತಿಲ್ಲ. ಶಾಲೆಯನ್ನು ಹದಿನೆಂಟು ತುಂಬದವರ ಕೈಗೆ ಒಪ್ಪಿಸಿ ಎಲ್ಲಿಗೂ ಹೋಗುವ ಹಾಗಿಲ್ಲ. ಒಬ್ಬರೇ ಸವಾರಿ ಮಾಡಬಲ್ಲರು ಎಂದು ಗೊತ್ತಿರುವವರನ್ನು ಬಿಟ್ಟರೆ ಮಿಕ್ಕವರ ಜೊತೆಗೆ ಹದಿನಾರು ದಾಟಿದವರೊಬ್ಬರು ಇರಲೇಬೇಕು. ನಡೆಸುವವರಿಗೆ ಸರ್ಟಿಫಿಕೇಟು ಇರಬೇಕು, ಇಲ್ಲವೇ ಅನುಭವ ಇದೆಯೆಂದು ತೋರಿಸಬೇಕು. ಬಿದ್ದು ಪೆಟ್ಟಾದರೆ ಪರಿಹಾರ ಕೊಡುವಷ್ಟು ವಿಮೆ ಇರಬೇಕು. ಎಲ್ಲ ಕುದುರೆಗಳನ್ನೂ ಅಗತ್ಯ ಬಿದ್ದಾಗ ಸೂರಿನಡಿ ತರುವಷ್ಟು ಲಾಯ ಇರಬೇಕು. ಪ್ರತಿ ಕುದುರೆಗೂ ಒಂದು ಪಾಸ್‌ಪೋರ್ಟು, ಕತ್ತಿನಲ್ಲಿ ಒಂದು ಮೈಕ್ರೋಚಿಪ್ಪು. ಚಿಪ್ಪು 2020ರ ಅಕ್ಟೋಬರಿನಿಂದ ಅಲ್ಲಿ ಸಾಕಿದ ಕುದುರೆಗೆಲ್ಲ ಕಡ್ಡಾಯವೇ ಆಗಿದೆ.

ಇವೆಲ್ಲ ಯಾರಾದರೂ ಊಹಿಸಬಹುದಾದ ಮಾತು ಅನ್ನಿ. ನನ್ನ ಮನಸ್ಸಿಗೆ ಹಿಡಿಸಿದ ಷರತ್ತು ಬೇರೆಯೇ ಒಂದಿದೆ. ಲೈಸೆನ್ಸು ಪಡೆದವರು ತೀರಿಕೊಂಡರೆ ಏನು ಗತಿ? ಮನೆಯವರು ದುಃಖದಲ್ಲಿರುತ್ತಾರೆ, ಲೈಸೆನ್ಸು ಹೋದವರ ಹೆಸರಿನಲ್ಲಿರುತ್ತದೆ, ಲಾಯದಲ್ಲಿ ಕುದುರೆ ಹುಲ್ಲಿಗೆ ಕಾಯುತ್ತಿರುತ್ತದೆ. ಅದಕ್ಕೂ ಆ ನಿಯಮಾವಳಿಯಲ್ಲಿ ಉತ್ತರ ಉಂಟು. ಅವರ ಆಸ್ತಿ ನೋಡಿಕೊಳ್ಳುವ ವಾರಸುದಾರರು 28 ದಿನದೊಳಗೆ ಕೌನ್ಸಿಲ್ಲಿಗೆ ತಿಳಿಸಿದರೆ ಲೈಸೆನ್ಸು ಮೂರು ತಿಂಗಳ ಮಟ್ಟಿಗೆ ಅವರ ಹೆಸರಿಗೆ ಬಂದಂತೆಯೇ ಲೆಕ್ಕ. ಅಷ್ಟರಲ್ಲಿ ಏನಾದರೂ ಏರ್ಪಾಡು ಮಾಡಿಕೊಳ್ಳಬಹುದು. ಕಾನೂನು ಬರೆದವರು ಕುದುರೆಗೆ ನಾಳೆ ಮೇವು ಹಾಕುವವರು ಯಾರು ಎಂದು ಯೋಚಿಸಿದ್ದಾರಲ್ಲ, ಅಲ್ಲಿ ನನಗೆ ಸಮಾಧಾನವಾಯಿತು.

ತಪಾಸಣೆಯ ದಿನ ನಾನು ತಿಂಡಿ ಮುಗಿಸಿ ಬೇಗನೆ ಬೇಲಿ ಹತ್ತಿರ ನಿಂತೆ. ಕೌನ್ಸಿಲ್ಲಿನ ಅಧಿಕಾರಿಯ ಜೊತೆ ಒಬ್ಬ ವೆಟ್ ಬಂದಿದ್ದರು, ಚಿಕ್ಕ ವಯಸ್ಸಿನ ಹೆಣ್ಣುಮಗಳು. ಕುದುರೆ ವಿಷಯದಲ್ಲಿ ಬರೀ ಅಧಿಕಾರಿ ಬಂದು ಹೋದರೆ ಸಾಲದು, ಈ ತಪಾಸಣೆಗೆಂದೇ ಇರುವ ಪಟ್ಟಿಯಲ್ಲಿನ ಪಶುವೈದ್ಯರೇ ಬರಬೇಕು. ಅವರ ಫೀಸು ಅರ್ಜಿದಾರರ ಮೇಲೆ.

ಆ ಹುಡುಗಿ ಮೊದಲು ಕಡತ ಕೇಳಲಿಲ್ಲ, ಕುದುರೆ ಬಿಡಿಸಿ ಅಂದಳು. ಒಂದೊಂದನ್ನೇ ಅಂಗಳದ ಗಟ್ಟಿ ನೆಲದ ಮೇಲೆ ನಿಲ್ಲಿಸಿದರು. ಅವಳು ಸ್ವಲ್ಪ ದೂರ ನಿಂತು ನಿಲುವು ನೋಡಿದಳು. ಹತ್ತಿರ ಬಂದು ಪಕ್ಕೆ ಮುಟ್ಟಿದಳು, ಬೆನ್ನಿನ ಉದ್ದಕ್ಕೂ ಅಂಗೈ ಆಡಿಸಿದಳು. ಕುತ್ತಿಗೆ ಮುಗಿದು ಬೆನ್ನು ಶುರುವಾಗುವ ಏಣಿನಲ್ಲಿ ಬಿಳಿ ಕೂದಲಿನ ಮಚ್ಚೆ ಇದೆಯೋ ಎಂದು ಬಗ್ಗಿ ನೋಡಿದಳು. ಅಳತೆಗೆ ಕೂರದ ಜೀನು ಒತ್ತಿ ಒತ್ತಿ ಹುಣ್ಣು ಮಾಡಿದ್ದರೆ, ಹುಣ್ಣು ಮಾಗಿದ ಮೇಲೂ ಅಲ್ಲಿ ಕೂದಲು ಬಿಳಿಯಾಗಿ ಬೆಳೆಯುತ್ತದೆ. ಮಾಲೀಕರು ಏನೇ ಹೇಳಲಿ, ಆ ಮಚ್ಚೆ ಹಳೆಯ ಕಥೆಯನ್ನು ಹೇಳಿಬಿಡುತ್ತದೆ. ಮುಂಗಾಲಿನ ಹಿಂದೆ, ಜೀನಿನ ಪಟ್ಟಿ ಬಿಗಿಯುವ ಜಾಗದಲ್ಲಿ ಚರ್ಮ ಎಳೆದು ನೋಡಿದಳು. ಮೊಣಕಾಲಿನಿಂದ ಕೆಳಕ್ಕೆ ನರ ಸವರಿ ಎಲ್ಲಾದರೂ ಬಿಸಿ ಇದೆಯೋ, ಊತ ಇದೆಯೋ ಎಂದು ಹುಡುಕಿದಳು. ನಾಲ್ಕೂ ಕಾಲು ಎತ್ತಿಸಿ ಗೊರಸಿನ ತಳ ಕೆರೆದು ಮೂಸಿದಳು. ಒದ್ದೆಯಲ್ಲೇ ನಿಂತ ಕುದುರೆಯ ಗೊರಸು ಕೊಳೆತರೆ ಒಂದು ನಾತ ಬರುತ್ತದೆ. ಒಮ್ಮೆ ಕುಡಿದ ಮೂಗು ಅದನ್ನು ಮರೆಯುವುದಿಲ್ಲ.

ಆಮೇಲೆ ಓಟ. ಹಗ್ಗ ಸಡಿಲ ಹಿಡಿದು ಕುದುರೆಯನ್ನು ಅತ್ತಿತ್ತ ನಿಧಾನವಾಗಿ ಓಡಿಸಬೇಕು. ಮುಂಗಾಲು ನೋಯುತ್ತಿದ್ದರೆ ಆ ಕಾಲು ನೆಲ ತಾಕಿದಾಗ ತಲೆ ಮೇಲೇಳುತ್ತದೆ, ಚೆನ್ನಾಗಿರುವ ಕಾಲು ಊರಿದಾಗ ತಲೆ ಬಾಗುತ್ತದೆ. ಗೊತ್ತಿಲ್ಲದವರು ಕುದುರೆ ಕುಣಿಯುತ್ತಿದೆ ಎಂದು ಖುಷಿಪಡುತ್ತಾರೆ. ನಮ್ಮ ಮದುವೆ ಮೆರವಣಿಗೆಗಳಲ್ಲಿ ಇಂಥ ತಲೆಯಾಟ ನೋಡಿ ನನಗೆ ಊಟ ರುಚಿಸದೆ ಹೋದದ್ದುಂಟು.

ಒಂದು ಕಂದು ಪೋನಿಯ ಎದೆಯ ಪಟ್ಟಿಯ ಜಾಗದಲ್ಲಿ ಚರ್ಮ ತರಚಿ ಹಸಿಯಾಗಿತ್ತು. ರೂಪಾಯಿ ನಾಣ್ಯದಷ್ಟು ಅಗಲ ಇರಬಹುದು. ಆಚೆ ಮನೆಯಾಕೆಯ ಮುಖ ಚಿಕ್ಕದಾಯಿತು. ವೆಟ್ ಗದರಲಿಲ್ಲ. ಇದಕ್ಕೆ ಸದ್ಯ ಜೀನು ಬೇಡ, ವಾಸಿಯಾದ ಮೇಲೆ ನಿಮ್ಮ ಡಾಕ್ಟರಿಂದ ಸರ್ಟಿಫಿಕೇಟು ತಂದು ಮತ್ತೆ ಕೆಲಸಕ್ಕೆ ಹಚ್ಚಿ ಎಂದು ಬರೆದುಕೊಂಡಳು. ಅದೂ ನಿಯಮವೇ: ತಪಾಸಣೆಯಲ್ಲಿ ಚಿಕಿತ್ಸೆ ಬೇಕೆಂದು ಕಂಡ ಕುದುರೆ, ಪಶುವೈದ್ಯರು ಸೈ ಎನ್ನುವ ತನಕ ದುಡಿಮೆಗೆ ಮರಳುವಂತಿಲ್ಲ. ಅಷ್ಟರ ಮೇಲೆ ಜೀನು, ಲಗಾಮುಗಳ ಸರದಿ. ರಿಕಾಪಿನ ಪಟ್ಟಿಯ ಹೊಲಿಗೆಯನ್ನು ಉಗುರಿನಿಂದ ಕೆದಕಿ ನೋಡಿದಳು. ಆ ದಾರ ಓಟದ ಮಧ್ಯೆ ಕಿತ್ತರೆ ಕೂತ ಮಗು ನೆಲಕ್ಕೆ. ಕೊನೆಯಲ್ಲಿ ಕಡತ: ಜಂತುಹುಳುವಿನ ಔಷಧಿ, ಲಸಿಕೆ, ಹಲ್ಲಿನ ತಪಾಸಣೆ, ಲಾಳ ಬದಲಿಸಿದ ತಾರೀಖು, ಬೆಂಕಿ ಬಿದ್ದರೆ ಯಾವ ಗೇಟು ಮೊದಲು ತೆರೆಯಬೇಕು ಎಂಬುದರ ಬರಹ.

ಲಾಳದ ಮಾತು ಬಂತು. 1975ರ ಒಂದು ಕಾನೂನಿನ ಪ್ರಕಾರ ಅಲ್ಲಿ ಹೆಸರು ನೋಂದಾಯಿಸಿದ ಲಾಳಗಾರರೇ ಕುದುರೆಗೆ ಲಾಳ ಹೊಡೆಯಬೇಕು. ವೆಟ್‌ಗೆ, ಆ ಕಸುಬು ಕಲಿಯುತ್ತಿರುವವರಿಗೆ ವಿನಾಯ್ತಿ ಇದೆ. ಉಳಿದವರು ತಮ್ಮ ಸ್ವಂತ ಕುದುರೆಗೂ ಹೊಡೆಯುವಂತಿಲ್ಲ. ವರ್ಷಗಟ್ಟಲೆ ಗುರುವಿನ ಕೈಕೆಳಗೆ ಕಲಿತು ಪರೀಕ್ಷೆ ಕೊಟ್ಟವರು ಅವರು. ಆರರಿಂದ ಎಂಟು ವಾರಕ್ಕೊಮ್ಮೆ ವ್ಯಾನಿನಲ್ಲಿ ಒಲೆ ಇಟ್ಟುಕೊಂಡು ಬರುತ್ತಾರೆ. ನಮ್ಮ ಸಂತೆಗಳಲ್ಲಿ ಎತ್ತು ಕೆಡವಿ ಲಾಳ ಕಟ್ಟುತ್ತಿದ್ದವರಲ್ಲಿ ಅಂಥ ಕೈಗಳನ್ನು ನಾನು ಕಂಡಿದ್ದೇನೆ. ಗೊರಸಿನಲ್ಲಿ ಸತ್ತ ಭಾಗ ಎಲ್ಲಿ ಮುಗಿಯುತ್ತದೆ, ಜೀವ ಎಲ್ಲಿ ಶುರುವಾಗುತ್ತದೆ ಎಂದು ಸುತ್ತಿಗೆಯ ಸದ್ದಿನಲ್ಲೇ ಅವರಿಗೆ ತಿಳಿಯುತ್ತಿತ್ತು. ಅವರಿಗೆ ಯಾರೂ ಸರ್ಟಿಫಿಕೇಟು ಕೊಡಲಿಲ್ಲ. ಅವರ ಮಕ್ಕಳು ಆ ಕೆಲಸ ಬಿಟ್ಟರು.

ಇನ್ನೊಂದು ವಿಷಯ ನನಗೆ ಹೊಸದು. ನಮ್ಮಲ್ಲಿ ಕುದುರೆಯ ಕಷ್ಟವೆಂದರೆ ಪಕ್ಕೆಲುಬು ಕಾಣುವುದು, ಅಲ್ಲಿ ಪಕ್ಕೆಲುಬು ಕೈಗೂ ಸಿಗದಿರುವುದು. ವಸಂತದ ಎಳೆ ಹುಲ್ಲಿನಲ್ಲಿ ಸಕ್ಕರೆ ಅಂಶ ಬಹಳ. ಅದನ್ನು ಮೇದು ಕೊಬ್ಬಿದ ಪೋನಿಗೆ ಗೊರಸಿನ ಒಳಗೆ ಉರಿ ಹತ್ತಿಕೊಳ್ಳುತ್ತದೆ, ಲ್ಯಾಮಿನೈಟಿಸ್ ಅನ್ನುತ್ತಾರೆ. ಕಾಲು ಊರಲಾರದೆ ಮುಂಗಾಲು ಮುಂದಕ್ಕೆ ಚಾಚಿ, ಭಾರವನ್ನೆಲ್ಲ ಹಿಂದಕ್ಕೆ ಹಾಕಿ ನಿಲ್ಲುತ್ತದೆ. ಹಾಗಾಗಿ ಹುಲ್ಲು ಸಮೃದ್ಧಿಯಾಗಿದ್ದಾಗ ಮೇವಿನ ಜಾಗ ಕಡಿಮೆ ಮಾಡಿ ಕಟ್ಟುವುದೇ ಅಲ್ಲಿ ಆರೈಕೆ. ಗಾವಲಿನಲ್ಲಿ ಹಳದಿ ಹೂವಿನ ರಾಗ್‌ವರ್ಟ್ ಎಂಬ ಕಳೆ ಬೆಳೆದಿದೆಯೇ ಎಂದೂ ಆ ಹುಡುಗಿ ನಡೆದು ನೋಡಿದಳು. ಯಕೃತ್ತನ್ನು ತಿನ್ನುವ ವಿಷ ಅದು. ನಮ್ಮ ಸೆಣಬಿನ ಕುಲದ ಕೆಲವು ಗಿಡಗಳಲ್ಲಿ ಇರುವುದೂ ಅದೇ ಬಗೆಯ ವಿಷ. ಹಸಿ ಇದ್ದಾಗ ಕಹಿ, ಕುದುರೆ ಮೂತಿ ತಿರುಗಿಸುತ್ತದೆ. ಒಣಗಿ ಹುಲ್ಲಿನ ಕಟ್ಟಿನೊಳಗೆ ಸೇರಿದರೆ ಕಹಿ ಹೋಗುತ್ತದೆ, ವಿಷ ಉಳಿಯುತ್ತದೆ. ಅದಕ್ಕೇ ಆಚೆ ಮನೆಯಾಕೆ ಬೇಸಿಗೆ ಪೂರ್ತಿ ಕೈಗವಸು ಹಾಕಿ ಬೇರು ಸಮೇತ ಕೀಳುತ್ತಿದ್ದರು.

ಲೈಸೆನ್ಸು ಬಂತು. ನಾಲ್ಕು ನಕ್ಷತ್ರ, ಎರಡು ವರ್ಷದ ಅವಧಿ. ಹೋಟೆಲಿಗೆ ಕೊಡುವ ಹಾಗೆ ಇದಕ್ಕೂ ಒಂದರಿಂದ ಐದು ನಕ್ಷತ್ರ ಕೊಡುತ್ತಾರೆ. ಒಂದು, ಎರಡು ಬಂದರೆ ಒಂದು ವರ್ಷದ ಲೈಸೆನ್ಸು, ಮೂರು, ನಾಲ್ಕು ಬಂದರೆ ಎರಡು ವರ್ಷ, ಐದಕ್ಕೆ ಮೂರು ವರ್ಷ. ಹೊಸದಾಗಿ ಶುರು ಮಾಡುವವರಿಗೆ ಹಿಂದಿನ ದಾಖಲೆ ಇರುವುದಿಲ್ಲವಾದ್ದರಿಂದ ಎಷ್ಟೇ ಚೆನ್ನಾಗಿಟ್ಟಿದ್ದರೂ ಸಾಮಾನ್ಯವಾಗಿ ನಾಲ್ಕೇ ಮೇಲ್ಮಿತಿ. ಆಕೆಗೆ ಸ್ವಲ್ಪ ಬೇಸರವಾಯಿತು. ನನಗೆ ಸರಿಯೆನಿಸಿತು. ಕುದುರೆಯನ್ನು ಒಂದು ದಿನ ಚೆನ್ನಾಗಿ ಕಾಣಿಸುವುದು ಸುಲಭ, ಮಳೆಗಾಲ ಚಳಿಗಾಲ ದಾಟಿಸಿ ಹಾಗೇ ಉಳಿಸಿಕೊಳ್ಳುವುದಕ್ಕೆ ಐದನೆಯ ನಕ್ಷತ್ರ ಇರಲಿ. ಲೈಸೆನ್ಸು ಎಷ್ಟೇ ವರ್ಷದ್ದಿರಲಿ, ಪಶುವೈದ್ಯರ ತಪಾಸಣೆ ವರ್ಷಕ್ಕೊಮ್ಮೆ ತಪ್ಪದು.

ಆಕೆಯ ದೂರುಗಳಲ್ಲಿ ನಿಜವೂ ಇದೆ. ಫೀಸು ಒಂದೊಂದು ಕೌನ್ಸಿಲ್ಲಿನಲ್ಲಿ ಒಂದೊಂದು ಥರ, ಅದರ ಮೇಲೆ ವೆಟ್ ಖರ್ಚು, ವಿಮೆ, ಕೃಷಿ ಜಮೀನನ್ನು ಸವಾರಿಗೆ ಬಳಸಲು ಬೇರೆ ಅನುಮತಿ. ನಾಲ್ಕು ಪೋನಿ ಇಟ್ಟುಕೊಂಡು ಊರ ಮಕ್ಕಳಿಗೆ ಕಲಿಸುತ್ತಿದ್ದ ಸಣ್ಣವರಿಗೆ ಈ ಭಾರ ಹೊರಲಾಗದು. ಅವರು ಬಾಗಿಲು ಹಾಕಿದರೆ ಸವಾರಿ ಉಳ್ಳವರ ಮಕ್ಕಳಿಗಷ್ಟೇ ಉಳಿಯುತ್ತದೆ. ಸಣ್ಣವರಿಗೆ ಫೀಸು ಇಳಿಸಲಿ, ಫಾರಂ ಕಡಿಮೆ ಮಾಡಲಿ ಎಂದು ನಾನೂ ಹೇಳುತ್ತೇನೆ. ವೆಟ್ ಬಂದು ಗೊರಸು ಎತ್ತಿ ನೋಡುವುದನ್ನು ಮಾತ್ರ ಬಿಡಬಾರದು. ಉಳಿದ ಕಾಗದವೆಲ್ಲ ಮಾಲೀಕರ ಬಗ್ಗೆ, ಕುದುರೆ ಸ್ವತಃ ಸಾಕ್ಷಿ ಹೇಳುವುದು ಆ ಒಂದು ಗಳಿಗೆಯಲ್ಲೇ.

ನಮ್ಮ ಕಡೆಗೆ ಬರುತ್ತೇನೆ. ಕರ್ನಾಟಕಕ್ಕೆ ಕುದುರೆ ಹೊಸದಲ್ಲ. ಟಿಪ್ಪುವಿನ ಕಾಲದ ನಂಟಿರುವ ಕುಣಿಗಲ್ ಫಾರಂ ನಮ್ಮದು, ಮೈಸೂರಿನಲ್ಲಿ ಪೊಲೀಸರ ಅಶ್ವದಳ ಇದೆ. ಬೆಂಗಳೂರಿನ ಫವಾದ್ ಮಿರ್ಜಾ 2018ರ ಏಷ್ಯನ್ ಗೇಮ್ಸ್‌ನಲ್ಲಿ ಎರಡು ಬೆಳ್ಳಿ ಗೆದ್ದರು, ಆಮೇಲೆ ಟೋಕಿಯೋ ಒಲಿಂಪಿಕ್ಸಿನಲ್ಲೂ ಸವಾರಿ ಮಾಡಿದರು. ನನ್ನ ಪರಿಚಯದವರಲ್ಲೇ ಮಕ್ಕಳನ್ನು ಸವಾರಿಗೆ ಸೇರಿಸಿದವರು ಈಗ ಸಾಕಷ್ಟಿದ್ದಾರೆ. ಬಹಳ ಒಳ್ಳೆಯದು. ಕುದುರೆಯ ಜೊತೆ ಬೆಳೆದ ಮಗುವಿಗೆ ಧೈರ್ಯದ ಜೊತೆ ತಾಳ್ಮೆಯೂ ಬರುತ್ತದೆ.

ಆದರೆ ಸವಾರಿ ಶಾಲೆಗೆಂದೇ ಇಂಗ್ಲೆಂಡಿನಲ್ಲಿರುವಂಥ ಲೈಸೆನ್ಸಿನ ಕಾನೂನು ನಮ್ಮಲ್ಲಿ ಇಲ್ಲ. ಜಾಗಕ್ಕೆ, ವ್ಯಾಪಾರಕ್ಕೆ ಪಂಚಾಯ್ತಿಯಲ್ಲೋ ಪಾಲಿಕೆಯಲ್ಲೋ ಕಾಗದ ಮಾಡಿಸಿಕೊಳ್ಳಬಹುದು. ಕಲಿಸುವವರಿಗೆ ಕಲಿಸಲು ಬರುತ್ತದೆಯೇ, ಜೀನು ಯಾವ ಕುದುರೆಯ ಅಳತೆಯದು, ದಿನಕ್ಕೆ ಅದು ಎಷ್ಟು ಹೊತ್ತು ದುಡಿಯುತ್ತದೆ ಎಂದು ವರ್ಷಕ್ಕೊಮ್ಮೆ ಬಂದು ಕೇಳುವವರಿಲ್ಲ. ಇರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ. ಕೈಲಾಗದ ಪ್ರಾಣಿಯನ್ನು ದುಡಿಸುವುದು ಅದರ ಪ್ರಕಾರ ಅಪರಾಧವೇ. ಮೊದಲ ತಪ್ಪಿಗೆ ದಂಡ 10 ರೂಪಾಯಿಯಿಂದ 50 ರೂಪಾಯಿ. ಅದೂ ನೋವಾದ ಮೇಲೆ, ಯಾರಾದರೂ ದೂರು ಕೊಟ್ಟ ಮೇಲೆ. ಲೈಸೆನ್ಸಿನ ಪದ್ಧತಿ ನೋವಾಗುವ ಮುಂಚೆ ಬಾಗಿಲಿಗೆ ಬರುತ್ತದೆ, ನನಗೆ ಅದು ಬೇಕು.

ಚೆನ್ನಾಗಿ ನಡೆಸುವ ಶಾಲೆಗಳು ನಮ್ಮಲ್ಲೂ ಇವೆ, ಮಕ್ಕಳಂತೆ ಕುದುರೆ ನೋಡಿಕೊಳ್ಳುವ ಸೈಸರೂ ಇದ್ದಾರೆ. ಅವರಿಗೆ ತಪಾಸಣೆ ಎಂದರೆ ಭಯವೇನಿಲ್ಲ, ಅವರ ಹೆಸರಿಗೆ ಅದರಿಂದ ತೂಕವೇ ಬರುತ್ತದೆ. ತಾಲ್ಲೂಕಿಗೊಂದು ಪಶು ಆಸ್ಪತ್ರೆ ಇರುವ ರಾಜ್ಯ ನಮ್ಮದು. ವರ್ಷಕ್ಕೊಮ್ಮೆ ಒಬ್ಬ ವೈದ್ಯರು ಹೋಗಿ ನೋಡಿ ಬರೆದುಕೊಡುವ ಏರ್ಪಾಡು ಮಾಡುವುದು ಸರ್ಕಾರಕ್ಕೆ ದೊಡ್ಡ ಖರ್ಚಲ್ಲ. ಗ್ಲಾಂಡರ್ಸ್‌ನಂಥ, ಕುದುರೆಯಿಂದ ಮನುಷ್ಯರಿಗೂ ಹರಡುವ ರೋಗದ ಮೇಲೆ ಕಣ್ಣಿಡುವುದಕ್ಕೂ ಅದೇ ದಾರಿ.

ಆ ಏರ್ಪಾಡು ಬರುವ ತನಕ ಮಕ್ಕಳನ್ನು ಸೇರಿಸುವ ಅಪ್ಪ ಅಮ್ಮಂದಿರೇ ಇನ್‌ಸ್ಪೆಕ್ಟರಾಗಬೇಕು. ಹೋದ ತಕ್ಷಣ ಫೀಸು ಕೇಳಬೇಡಿ, ಲಾಯ ತೋರಿಸಿ ಅನ್ನಿ. ತೊಟ್ಟಿಯ ನೀರು ನೀವು ಕುಡಿಯುವಷ್ಟು ತಿಳಿಯಾಗಿದೆಯೇ ನೋಡಿ. ಕುದುರೆಗೆ ದಿನಕ್ಕೆ ಇಪ್ಪತ್ತೈದು ಲೀಟರಿಗೂ ಮೇಲೆ ಬೇಕು, ಸೆಕೆಗಾಲದಲ್ಲಿ ಇನ್ನೂ ಹೆಚ್ಚು. ಹೆಲ್ಮೆಟ್ಟು ನಿಮ್ಮ ಮಗುವಿನ ತಲೆಗೆ ಅಲುಗಾಡದೆ ಕೂರುತ್ತದೆಯೇ ನೋಡಿ. ಕುದುರೆಯ ವಯಸ್ಸು ಕೇಳಿ. ವಿಮೆ ಇದೆಯೇ ಕೇಳಿ, ಸಂಕೋಚ ಬೇಡ. ಪಾಠ ಮುಗಿಸಿ ಬಂದ ಕುದುರೆಯ ಜೀನು ನಿಮ್ಮೆದುರೇ ತೆಗೆಸಿ, ಬೆನ್ನು ನೋಡಿ. ಹುಣ್ಣಿದ್ದರೆ ಮಗುವನ್ನು ಕರೆದುಕೊಂಡು ವಾಪಸು ಬನ್ನಿ, ಬರುವ ದಾರಿಯಲ್ಲಿ ಪಶು ಆಸ್ಪತ್ರೆಯಲ್ಲಿ ಒಂದು ಮಾತು ಹೇಳಿ ಬನ್ನಿ.